ಬೂದಿ ಬುಕ್ಕು ದಾಟಿ ಹೋದ ಮನೆ

ರೇವಮ್ಮ ದಿನಾ ಮುಂಜಾನೆ ಎರಡು ಬೇವಿನ ಕಡ್ಡಿ ಮುರಿಯುತ್ತಿದ್ದಳು. ಒಂದು ತನಗೆ. ಇನ್ನೊಂದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಇಡುತ್ತಿದ್ದಳು, ಓಣಿಯಲ್ಲಿ ಹಾದು ಹೋಗುವ ಯಾರಿಗಾದರೂ ಬೇಕಾದೀತು ಎಂದು. ಹಾಲಿನವನು ಒಯ್ದದ್ದುಂಟು, ಪರ ಊರಿನಿಂದ ಬಂದು ಯಾರದೋ ಮನೆ ಹುಡುಕುತ್ತಿದ್ದವರು ಒಯ್ದದ್ದುಂಟು. ಯಾರೂ ಮುಟ್ಟದ ದಿನ ಸಂಜೆಗೆ ಆ ಕಡ್ಡಿ ಒಲೆಗೆ ಹೋಗುತ್ತಿತ್ತು, ಮರುದಿನ ಮತ್ತೆ ಹಸಿಯದು ಬರುತ್ತಿತ್ತು. ಜ್ವರ ಬಂದಾಗಲೂ ಇದು ತಪ್ಪಲಿಲ್ಲ. ಗಂಡ ಅಮೋಘಪ್ಪ ತೀರಿಕೊಂಡ ಮರುದಿನ ನಾನು ಆಕೆಗೆ ಚಹಾ ಒಯ್ದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು, ಆದರೆ ಕಿಟಕಿಯಲ್ಲಿ ಕಡ್ಡಿ ಇತ್ತು.

ಕಲಬುರಗಿಯ ಶಹಾಬಜಾರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವರಿಬ್ಬರೂ ಬಾಡಿಗೆಗೆ ಇದ್ದರು. ಅವರ ಊರು ಕಮಲಾಪುರ. ಅಮೋಘಪ್ಪ ನೆಹರು ಗಂಜಿನ ಧಾನ್ಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ರೇವಮ್ಮ ಬೇಳೆ ಮಿಲ್ಲಿಗೆ ಹೋಗಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ನನಗಿಂತ ಹನ್ನೆರಡು ವರ್ಷಕ್ಕೆ ಹಿರಿಯಳು, ನಾನು ರೇವಕ್ಕ ಎನ್ನುತ್ತಿದ್ದೆ, ಆಕೆ ನನಗೆ ತಂಗಿ ಎನ್ನುತ್ತಿದ್ದಳು. ಬಾಡಿಗೆಯವಳು ಮನೆಯವರಿಗೆ ತಂಗಿ ಎನ್ನುವುದು ನಮ್ಮ ಅತ್ತೆಗೆ ಮೊದಮೊದಲು ಸರಿಬರಲಿಲ್ಲ. ಒಂದು ಸಲ ಅತ್ತೆಯ ಹಲ್ಲುನೋವು ರೇವಮ್ಮನ ಕೈಯಿಂದ ಇಳಿಯಿತು. ಅಂದಿನಿಂದ ಆ ಗೊಣಗಾಟ ನಿಂತಿತು.

ರೇವಮ್ಮ ಹಲ್ಲಿನ ಹುಳ ತೆಗೆಯುತ್ತಿದ್ದಳು. ಅದು ಆಕೆಯ ಗಂಡನ ಮನೆಯ ಮದ್ದು. ಕಮಲಾಪುರದಲ್ಲಿ ಆ ಮನೆಗೆ ಹುಳದ ಮನಿ ಎಂದೇ ಹೆಸರು. ಅತ್ತೆ ದುಂಡಮ್ಮ ಸಾಯುವ ಮುಂಚೆ ಮಗಳು ಮಲ್ಕಮ್ಮನಿಗೂ ಸೊಸೆ ರೇವಮ್ಮನಿಗೂ ಅದನ್ನು ಒಟ್ಟಿಗೇ ಕಲಿಸಿದ್ದಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಲ್ಕಮ್ಮ ಕಮಲಾಪುರದಲ್ಲಿ ಅದನ್ನು ನಡೆಸಿದಳು, ರೇವಮ್ಮ ಕಲಬುರಗಿಯಲ್ಲಿ ನಡೆಸಿದಳು.

ಅಮಾವಾಸ್ಯೆಗೆ ಗಂಜ್ ಬಂದ್, ಮಿಲ್ಲಿಗೂ ರಜೆ. ಅಂದು ಬೆಳಿಗ್ಗೆಯಿಂದಲೇ ನಮ್ಮ ಅಂಗಳದಲ್ಲಿ ಗದ್ದಕ್ಕೆ ಬಟ್ಟೆ ಕಟ್ಟಿಕೊಂಡವರು ಬಂದು ಕೂಡುತ್ತಿದ್ದರು. ರೇವಮ್ಮ ಹಣೆಗೆ ಭಂಡಾರದ ಅರಿಶಿಣ ಹಚ್ಚಿಕೊಂಡು ಅಗಲವಾದ ತಾಟಿನಲ್ಲಿ ನೀರು ತುಂಬುತ್ತಿದ್ದಳು. ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಕುಡಗೋಲಿನ ತುಂಡು. ಅದರ ಮೇಲೆ ತುಪ್ಪ ಸವರಿದ ನೆಲಗುಳ್ಳದ ಬೀಜ ಒಂದು ಚಿಟಿಕೆ ಹಾಕಿ, ಕೂಡಲೇ ಮಣ್ಣಿನ ಗಡಿಗೆಯೊಂದನ್ನು ಬೋರಲು ಮುಚ್ಚುತ್ತಿದ್ದಳು. ಗಡಿಗೆಯ ತಳದಲ್ಲಿ ತೂತು, ತೂತಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು. ನೋವಿನವರು ದಂಟಿನ ತುದಿಯನ್ನು ಹಲ್ಲಿನ ಹತ್ತಿರ ಹಿಡಿದು ಹೊಗೆ ತೆಗೆದುಕೊಳ್ಳಬೇಕು. ಕಣ್ಣು, ಮೂಗು, ಬಾಯಿ ಎಲ್ಲದರಿಂದಲೂ ನೀರು ಸುರಿಯುತ್ತಿತ್ತು. ಆಮೇಲೆ ಗಡಿಗೆ ಎತ್ತಿದರೆ ತಾಟಿನ ನೀರಿನಲ್ಲಿ ಬಿಳಿ ಹುಳಗಳು, ನುಚ್ಚಿನಷ್ಟು ಸಣ್ಣವು, ಬಾಲ ಸುತ್ತಿಕೊಂಡು ತೇಲುತ್ತಿದ್ದವು. ಹೊಗೆಗೆ ತಡೆಯಲಾರದೆ ಹುಳ ದಂಟಿನೊಳಗಿಂದ ಕೆಳಗಿಳಿಯುತ್ತವೆ ಎಂದು ದುಂಡಮ್ಮ ಹೇಳಿಕೊಟ್ಟಿದ್ದಳು. ರೇವಮ್ಮ ಹಾಗೇ ನಂಬಿದ್ದಳು. ನಾವೂ ನಂಬಿದ್ದೆವು. ನಮ್ಮ ಅತ್ತೆಯ ಹಲ್ಲಿನಿಂದ ಬಿದ್ದ ಒಂಬತ್ತು ಹುಳಗಳನ್ನು ನಾನೇ ಎಣಿಸಿದ್ದೇನೆ.

ಇದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ದುಡ್ಡಿನ ಮಾತು ಹಾಗಿರಲಿ, ಒಂದು ನಿಂಬೆಹಣ್ಣು ಕೊಟ್ಟರೂ ವಾಪಸ್ಸು. ಮದ್ದು ಕೊಟ್ಟ ಮನೆಯಲ್ಲಿ ನೀರು ಕುಡಿಯುವುದೂ ಇಲ್ಲ ಎಂದು ಅತ್ತೆ ದುಂಡಮ್ಮನ ಕೈಮುಟ್ಟಿ ಮಾತು ಕೊಟ್ಟಿದ್ದಳು. ತನ್ನ ಬಾಯಿಯ ಸಂಗತಿ ಬೇರೆ. ಊರ ಹಲ್ಲು ಕಾಯುವ ಈಕೆ ದವಡೆಯಲ್ಲಿ ಒಂದು ಉಂಡೆ ತಂಬಾಕು ಇಟ್ಟುಕೊಂಡೇ ಇರುತ್ತಿದ್ದಳು. ಬೇವಿನ ಕಡ್ಡಿಗಿಂತ ತಂಬಾಕಿನ ಕೈ ಮೇಲಾಗಿ ಆಕೆಯ ಹಲ್ಲು ಒಂದೊಂದೇ ಉದುರಿದವು. ಅದಕ್ಕೆ ಹುಳ ಕಾರಣವಲ್ಲ, ಹಟ ಕಾರಣ ಎಂದು ತಾನೇ ನಗುತ್ತಿದ್ದಳು.

ತೊಂಬತ್ತೆರಡನೆಯ ಇಸವಿಯ ಶ್ರಾವಣದಲ್ಲಿ ನಮ್ಮ ಓಣಿಗೆ ಆ ಪುಸ್ತಕ ಬಂತು. ಎದುರು ಮನೆಯ ಶಿವಕಾಂತಮ್ಮನ ತಮ್ಮ ಊರಿಗೆ ಬಂದವನು ಬಸ್ಸಿನಲ್ಲಿ ಓದಲೆಂದು ಕೊಂಡಿದ್ದನ್ನು ಇಲ್ಲೇ ಬಿಟ್ಟು ಹೋಗಿದ್ದ. ವಿಜ್ಞಾನದ ಹೆಸರು ಹೇಳಿಕೊಂಡು, ದೇವರ ಹೆಸರು ಹೇಳಿಕೊಂಡು ಜನರನ್ನು ಮರುಳು ಮಾಡುವ ಮದ್ದು, ಮಾಟ, ಪವಾಡಗಳ ಒಳಗುಟ್ಟನ್ನು ಅದರಲ್ಲಿ ಒಂದೊಂದಾಗಿ ಬಿಡಿಸಿ ಬರೆದಿತ್ತು. ರಟ್ಟು ಬೇಗನೇ ಕಿತ್ತುಹೋಯಿತು, ಬರೆದವರ ಹೆಸರೂ ಅದರ ಜೊತೆಗೆ ಹೋಯಿತು. ಮೊದಲ ಪಾಠ ಬರಿಗೈಯಿಂದ ಬೂದಿ ಬರಿಸುವುದರ ಬಗ್ಗೆ ಇದ್ದದ್ದರಿಂದ ನಾವೆಲ್ಲ ಅದನ್ನು ಬೂದಿ ಬುಕ್ಕು ಎಂದೇ ಕರೆದೆವು.

ನನಗೆ ಮೊದಲು ಅಳುಕಿತ್ತು. ನಾನು ಶಾಲೆ ಕಲಿತವಳಲ್ಲ, ವಚನದ ಪುಸ್ತಕ ಮುಂದಿಟ್ಟುಕೊಂಡು ಅಕ್ಷರ ಕೂಡಿಸಿಕೊಂಡವಳು. ವಿಭೂತಿ ಹಚ್ಚುವ ಕೈಯಲ್ಲಿ ಇಂಥದ್ದು ಹಿಡಿಯಬಹುದೇ ಎಂದು ಎರಡು ದಿನ ಅದನ್ನು ಮುಟ್ಟಲಿಲ್ಲ. ಆ ಮೊದಲ ಪಾಠ ಓದಿದ ಮೇಲೆ ತಿಳಿಯಿತು, ನನ್ನ ವಿಭೂತಿಯ ಜೊತೆಗೆ ಅದಕ್ಕೆ ಯಾವ ತಂಟೆಯೂ ಇರಲಿಲ್ಲ. ಬೆರಳ ಸಂದಿಯಲ್ಲಿ ಬೂದಿಯ ಗುಳಿಗೆ ಅಡಗಿಸಿಕೊಂಡು ಬರುವವರ ಜೊತೆಗೆ ಅದರ ಜಗಳವಿತ್ತು.

ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ಎರಡು ಮೆಣಸಿನಕಾಯಿಯೋ ಹಾಕಿಯೇ ಕೊಡುತ್ತೇವೆ. ಬೂದಿ ಬುಕ್ಕಿಗೂ ಅದೇ ರೂಢಿ ಬಂತು. ಯಾರು ಮೊದಲು ಮಾಡಿದರೋ ತಿಳಿಯದು, ಓದಿದವರು ತಮಗೆ ತಾಗಿದ ಪುಟದಲ್ಲಿ ಏನಾದರೂ ಇಟ್ಟು ಮುಂದಿನವರಿಗೆ ಕೊಡತೊಡಗಿದರು. ಶಿವಕಾಂತಮ್ಮ ಬಿಲ್ವಪತ್ರೆ ಇಟ್ಟಳು, ತನ್ನ ಬೆಳ್ಳಿ ಬಟ್ಟಲನ್ನು ಎರಡು ಪಟ್ಟು ಮಾಡಿಕೊಡುತ್ತೇನೆಂದು ಒಯ್ದ ಬೈರಾಗಿಯ ಕೈಚಳಕ ಬರೆದಿದ್ದ ಪುಟದಲ್ಲಿ. ಓಣಿಯ ತಿರುವಿನಲ್ಲಿ ಕುಪ್ಪಸ ಹೊಲಿಯುತ್ತಿದ್ದ ದಿಲ್ಶಾದ್ ಬೇಗಂ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆಕೆ ಅತ್ತರು ಹಚ್ಚಿದ ಬಟ್ಟೆಚೂರು ಇಟ್ಟಳು, ನಿಂಬೆಹಣ್ಣಿನಿಂದ ರಕ್ತ ಬರಿಸುವ ಪುಟದಲ್ಲಿ. ಚಾಕುವಿಗೆ ದಾಸವಾಳದ ರಸ ಹಚ್ಚಿ ಒಣಗಿಸಿ ನಿಂಬೆ ಕೊಯ್ದರೆ ಕೆಂಪು ರಸ ಇಳಿಯುತ್ತದೆ ಎಂದು ಅಲ್ಲಿ ಬರೆದಿತ್ತು. ಆಕೆ ಗಂಡನ ಮುಂದೆಯೇ ಅದನ್ನು ಮಾಡಿ ತೋರಿಸಿದಳು. ಆ ಸಾಧು ಮನುಷ್ಯ ಹೆದರಿ ಎದ್ದು ಹೊರಗೆ ಹೋದ ಕಥೆಯನ್ನು ವಾರಗಟ್ಟಲೆ ಹೇಳಿ ನಮ್ಮನ್ನು ನಗಿಸಿದಳು. ಬುಕ್ಕು ಗಂಜಿಗೆ ಹೋಯಿತು, ಕೋಟನೂರಿಗೆ ಹೋಯಿತು, ದಪ್ಪವಾಗಿ, ಒಣ ಹೂವು ನವಿಲುಗರಿಗಳ ವಾಸನೆ ಹೊತ್ತು ಮರಳಿ ಬಂತು.

ಆ ಪುಟವನ್ನು ಮೊದಲು ಕಂಡದ್ದು ದಿಲ್ಶಾದ್ ಬೇಗಂ. ಎದೆಯ ಸೆರಗಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡೇ ನಮ್ಮ ಮನೆಗೆ ಓಡಿ ಬಂದಳು. ನನ್ನನ್ನೂ ಶಿವಕಾಂತಮ್ಮನನ್ನೂ ಕೂರಿಸಿ ಮೆಲ್ಲಗೆ ಓದಿದಳು. ನೆಲಗುಳ್ಳದ ಬೀಜ ಕಾದ ಕಬ್ಬಿಣಕ್ಕೆ ಬಿದ್ದರೆ ಸಿಡಿಯುತ್ತದೆ, ಒಳಗಿನ ಬಿಳಿ ಮೊಳಕೆ ಹೊರಗೆ ಹಾರಿ ನೀರಿಗೆ ಬೀಳುತ್ತದೆ. ಅದೇ ಹಲ್ಲಿನ ಹುಳ. ಹೊಗೆಯಿಂದ ದವಡೆ ಜೋಮು ಹಿಡಿದು ನೋವು ಕೆಲವು ದಿನ ಮರೆಯಾಗುತ್ತದೆ, ಹಲ್ಲು ಮಾತ್ರ ಒಳಗೆ ಕೊಳೆಯುತ್ತಲೇ ಇರುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಂಥವರು ಬಡವರ ಬಾಯಿಗೆ ಹೊಗೆ ಹಾಕಿ ಬದುಕುವ ಮೋಸಗಾರರು ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದರು.

ಹಿಂದಿನ ಕೋಣೆಯಿಂದ ರೇವಮ್ಮ ಮೊರದಲ್ಲಿ ಜೋಳ ಕೇರುವ ಸದ್ದು ಬರುತ್ತಿತ್ತು.

ಆಕೆಗೆ ಇದು ತಿಳಿಯಬಾರದು ಎಂದು ಮೂವರೂ ಮಾತಾಡಿಕೊಂಡೆವು. ಆಗ ಆಕೆಗೆ ಅಕ್ಷರವೂ ಬರುತ್ತಿರಲಿಲ್ಲ, ಕೆಲಸ ಸುಲಭವಿತ್ತು. ಬುಕ್ಕು ಓಣಿಯ ಎಲ್ಲಾ ಮನೆಗೂ ಹೋಯಿತು, ಆಕೆಯ ಬಾಗಿಲು ಮಾತ್ರ ದಾಟಿ ಹೋಯಿತು. ಓದಿದವರೆಲ್ಲ ಈ ಕಟ್ಟು ಪಾಲಿಸಿದರು. ಯಾರೂ ಹೇಳಿಕೊಡದೆಯೇ ಪಾಲಿಸಿದರು. ಅಷ್ಟು ಪ್ರೀತಿ ಆಕೆಯ ಮೇಲೆ ಓಣಿಗೆ ಇತ್ತು. ಆದರೆ ಅಮಾವಾಸ್ಯೆ ಬಂದಾಗ ನನಗೆ ಕಷ್ಟವಾಗುತ್ತಿತ್ತು. ಅಂಗಳದಲ್ಲಿ ಹೊಗೆ ಏಳುತ್ತಿತ್ತು, ಊದಿದ ಗದ್ದದವರು ಕೈಮುಗಿದು ಹೋಗುತ್ತಿದ್ದರು, ನಾನು ಒಳಗೆ ದೇವರ ಮುಂದೆ ಕೂತು ದೀಪದ ಬತ್ತಿ ಸರಿಮಾಡುತ್ತಿದ್ದೆ. ಬಾಯಿ ಮುಚ್ಚಿಕೊಂಡದ್ದು ಒಬ್ಬಳ ಮೇಲಿನ ದಯೆಯಾದರೆ ಉಳಿದವರ ಪಾಲಿಗೆ ಏನಾಯಿತು ಎಂದು ಕೇಳಿಕೊಳ್ಳುತ್ತಿದ್ದೆ. ಉತ್ತರ ಗೊತ್ತಿದ್ದೂ ಏಳುತ್ತಿರಲಿಲ್ಲ.

ಮುಂದಿನ ವರ್ಷ ನಮ್ಮ ಕಡೆ ಸಾಕ್ಷರತೆಯ ತರಗತಿಗಳು ಶುರುವಾದವು. ರೇವಮ್ಮ ಮಿಲ್ಲಿನಿಂದ ನೇರವಾಗಿ ಶಾಲೆಯ ಪಡಸಾಲೆಗೆ ಹೋಗಿ ಪಾಟಿ ಹಿಡಿದು ಕೂತಳು. ಎಂಟು ತಿಂಗಳಲ್ಲಿ ಓದತೊಡಗಿದಳು. ಬಸ್ಸಿನ ಬೋರ್ಡು, ಬೇಳೆ ಚೀಲದ ಮೇಲಿನ ಮಾರ್ಕು, ಭಜಿ ಕಟ್ಟಿಕೊಟ್ಟ ಎಣ್ಣೆ ಪೇಪರು, ಯಾರದೋ ಲಗ್ನಪತ್ರಿಕೆ, ಕೈಗೆ ಸಿಕ್ಕದ್ದನ್ನೆಲ್ಲ ಬೆರಳಿಟ್ಟು ಓದಿದಳು. ನಾನು ಆಕೆಗೆ ವಚನದ ಪುಸ್ತಕ ಕೊಟ್ಟೆ, ಪುಣ್ಯಕಥೆ ಕೊಟ್ಟೆ. ಒಂದು ಸೋಮವಾರ ಭಜನೆ ಮುಗಿದು ಎಲ್ಲರೂ ಹೋದ ಮೇಲೆ ಆಕೆ ಉಳಿದಳು.

"ತಂಗಿ, ಆ ಬೂದಿ ಬುಕ್ಕು ಶಿವಕಾಂತಮ್ಮೋರ ಮನಿಗೆ ಹೋಗ್ತದ, ದಿಲ್ಶಾದ್ ಮನಿಗೆ ಹೋಗ್ತದ, ಕೋಟನೂರಿಗಿ ಹೋಗಿ ಬಂದದ. ನನ್ನ ಬಾಗಿಲಿಗಿ ಬರೂದಕ ಅದಕೇನು ಕಾಲು ನೋಯ್ತಾವ?"

ಅದರಲ್ಲಿ ಅಕ್ಷರ ಬಹಳ ಸಣ್ಣವಿವೆ ಎಂದೆ ನಾನು.

"ಬ್ಯಾಳ್ಯಾಗಿನ ಹಳ್ಳು ಅದಕಿಂತ ಸಣ್ಣು ಇರ್ತಾವ. ಹತ್ತೊಂಬತ್ತು ವರ್ಸ ಆತು, ಆರ್ಸಾಕತ್ತೀನಿ."

ಇನ್ನೊಂದು ಸುಳ್ಳು ನನ್ನ ಬಾಯಿಂದ ಬರಲಿಲ್ಲ. ಗೂಡಿನಿಂದ ಬುಕ್ಕು ತೆಗೆದು ಕೊಟ್ಟೆ.

ಎಂಟು ದಿನ ಆಕೆಯ ಕೋಣೆಯಿಂದ ಅಕ್ಷರ ಕೂಡಿಸುವ ಗುಣುಗುಣು ಕೇಳುತ್ತಿತ್ತು. ಒಮ್ಮೊಮ್ಮೆ ನಗುವೂ ಕೇಳುತ್ತಿತ್ತು, ನಿಂಬೆಹಣ್ಣಿನ ಪುಟಕ್ಕೆ ಬಂದಿದ್ದಾಳೆ ಎಂದುಕೊಂಡೆ. ಒಂಬತ್ತನೆಯ ದಿನ ಸದ್ದಿಲ್ಲ. ಹತ್ತನೆಯ ದಿನವೂ ಇಲ್ಲ. ಬೇವಿನ ಕಡ್ಡಿ ಮಾತ್ರ ಕಿಟಕಿಯಲ್ಲಿ ತಪ್ಪದೆ ಇತ್ತು. ಮಿಲ್ಲಿಗೆ ಹೋಗುವಾಗ, ಬರುವಾಗ ಆಕೆ ನನ್ನ ಮುಖ ನೋಡಲಿಲ್ಲ. ಆಮೇಲೊಂದು ಮಧ್ಯಾಹ್ನ ತಾನೇ ಬಂದು ಕರೆದಳು.

ಕೋಣೆಯಲ್ಲಿ ತಾಟು, ಕಲ್ಲು, ಗಡಿಗೆ ಎಲ್ಲ ಅಣಿಯಾಗಿದ್ದವು. ನೋವಿನವರು ಯಾರೂ ಇರಲಿಲ್ಲ. ಮೂಲೆಯಲ್ಲಿ ಬುಕ್ಕು ತೆರೆದಿತ್ತು.

"ಎಲ್ಲಾ ಹಾಳ್ಯಾಗೂ ಏನರ ಒಂದು ಅದ. ಒಂದರಾಗ ಪತ್ರಿ, ಒಂದರಾಗ ಗರಿ," ಎಂದಳು. "ಈ ಹಾಳಿ ಒಂದು ಬರೇ ಅದ. ಅಲ್ಲೇ ನಂಗ ಗೊತ್ತಾತು, ನೀವೆಲ್ಲಾರೂ ಇದನ್ನ ಓದೀರಿ ಅಂತ."

ನನ್ನನ್ನು ಬಾಗಿಲ ಹತ್ತಿರ ಕೂರಲು ಹೇಳಿದಳು. ರೊಟ್ಟಿಯ ಹಿಟ್ಟಿನಿಂದ ಒಂದು ಚೂರು ಮುರಿದು ಪಪ್ಪಾಯಿ ದಂಟಿನ ಬಾಯಿಗೆ ಒತ್ತಿ ಗಟ್ಟಿಯಾಗಿ ಮುಚ್ಚಿದಳು. ಕುಡಗೋಲಿನ ತುಂಡು ಕೆಂಪಾದ ಮೇಲೆ ಇಕ್ಕಳದಿಂದ ತಂದಿಟ್ಟು, ಬೀಜ ಹಾಕಿ, ಗಡಿಗೆ ಬೋರಲು ಹಾಕಿದಳು. ಒಳಗೆ ಚಟಪಟ ಸದ್ದಾಯಿತು. ಹೊಗೆ ಹೊರಗೆ ಬರಲು ದಾರಿಯಿಲ್ಲದೆ ಗಡಿಗೆಯ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಇಣುಕಿತು. ಯಾವ ಬಾಯಿಯೂ ಅದರ ಹತ್ತಿರ ಇರಲಿಲ್ಲ. ಎಂದಿನಷ್ಟು ಹೊತ್ತು ಬಿಟ್ಟು ಆಕೆ ಗಡಿಗೆ ಎತ್ತಿದಳು.

ನೀರಿನಲ್ಲಿ ಹನ್ನೊಂದು ಹುಳ ತೇಲುತ್ತಿದ್ದವು.

ಆಕೆ ಒಂದನ್ನು ಬೆರಳ ತುದಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದಳು. ಬೇಳೆ ಆರಿಸುವ ಕಣ್ಣು ಅದು. ಅಷ್ಟು ವರ್ಷ ಆ ಕಣ್ಣು ನೋವಿನವರ ಮುಖ ನೋಡಿತ್ತು, ತಾಟು ನೋಡಿರಲಿಲ್ಲ. ಇದಕ್ಕೆ ಬಾಯಿ ಇಲ್ಲ, ಇದು ಮೊಳಕೆ ಎಂದಳು. ಆಮೇಲೆ ಬುಕ್ಕಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಮೋಸಗಾರರು ಅಂತ ಬರ್ದಾರ. ನಾ ಬೇಕಾದ್ರ ಆಗ್ಲಿ, ತಂಗಿ. ನಮ್ಮತ್ತಿ ಅಲ್ಲ. ಆಕಿ ಸಾಯೂ ಮುಂದ ಸೈತ ತನ್ನ ಹಲ್ಲಿಗಿ ಇದೇ ಹೊಗಿ ತಗೊಂಡಾಳ."

ತನ್ನನ್ನು ತಾನು ಮೋಸ ಮಾಡಿಕೊಳ್ಳಲು ಯಾರೂ ಅಷ್ಟು ಹೊಗೆ ಕುಡಿಯುವುದಿಲ್ಲ ಎಂದೆ ನಾನು. ಬರೆದವರಿಗೆ ದುಂಡಮ್ಮ ಗೊತ್ತಿರಲಿಲ್ಲ ಎಂದೂ ಹೇಳಿದೆ. ಆಕೆ ತಲೆಯಾಡಿಸಿದಳು. ನಾನು ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಿದೆ. ಆಕೆ ತಾಟಿನ ನೀರನ್ನು ಅಂಗಳದ ತುಳಸಿಯ ಬುಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿ ಬಂದಳು.

ಅಮಾವಾಸ್ಯೆಗೆ ಇನ್ನೂ ಆರು ದಿನವಿತ್ತು. ಊರಿಗೆ ಹೋಗಿದ್ದಾಳೆ ಎಂದು ಹೇಳಿ ಬಂದವರನ್ನು ಕಳಿಸಿಬಿಡೋಣ, ನಾಲ್ಕು ತಿಂಗಳಲ್ಲಿ ಜನ ತಾವೇ ಮರೆಯುತ್ತಾರೆ ಎಂದು ಶಿವಕಾಂತಮ್ಮ ಉಪಾಯ ಹೇಳಿದಳು. ರೇವಮ್ಮ ಒಪ್ಪಲಿಲ್ಲ. ಮರೆತರೆ ಅವರು ಕಮಲಾಪುರಕ್ಕೆ ಮಲ್ಕಮ್ಮನ ಹತ್ತಿರ ಹೋಗುತ್ತಾರೆ, ಅಷ್ಟೇ ಎಂದಳು.

ಅಮಾವಾಸ್ಯೆಯ ದಿನ ಹದಿನೈದು ಜನ ಬಂದಿದ್ದರು. ಎಲ್ಲರಿಗಿಂತ ಮುಂದೆ ಕೋಟನೂರಿನ ಚಂದ್ರಶಾ ಕೂತಿದ್ದ. ಹಿಂದಿನ ವರ್ಷವೂ ಬಂದು ಹುಳ ತೆಗೆಸಿಕೊಂಡು ಹೋದವನು. ಈ ಸಲ ಒಂದು ಕಡೆಯ ಕೆನ್ನೆ ಕಣ್ಣಿನವರೆಗೆ ಊದಿತ್ತು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ರೇವಮ್ಮ ಎಲ್ಲರ ಎದುರಿಗೆ ದಂಟಿನ ಬಾಯಿಗೆ ಹಿಟ್ಟು ಒತ್ತಿದಳು, ಎಲ್ಲರ ಎದುರಿಗೆ ಗಡಿಗೆ ಎತ್ತಿದಳು. ತಾಟನ್ನು ಒಬ್ಬೊಬ್ಬರ ಮುಂದೆಯೂ ಹಿಡಿದು ತೋರಿಸಿದಳು. ತನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ಹೊಗೆಯಿಂದ ನೋವು ಮಲಗುತ್ತದೆ, ಹಲ್ಲು ವಾಸಿಯಾಗುವುದಿಲ್ಲ ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಓದು ಬಂದದ್ದಕ್ಕೆ ಕೈಗುಣ ಹೋಯಿತು ಎಂದು ಒಬ್ಬಳು ಲೊಚಗುಟ್ಟಿದಳು. ಹುಳ ಯಾವುದಾದರೂ ಇರಲಿ, ನನಗೆ ಹೊಗೆ ಕೊಡು, ಬಸ್ಸಿನ ಚಾರ್ಜು ಕೊಟ್ಟು ಬಂದಿದ್ದೇನೆ ಎಂದು ಒಬ್ಬ ಮುದುಕ ಹಟ ಹಿಡಿದ. ಚಂದ್ರಶಾ ಹಲ್ಲು ಕಚ್ಚಿಕೊಂಡೇ ಕೇಳಿದ.

"ಹಂಗಾರ ಹೋದ ವರ್ಸ ನನ್ನ ಬಾಯಾಗಿಂದು ಬಿದ್ವಲ್ಲ ಯವ್ವಾ, ಅವು ಯಾರ ಹುಳ?"

"ನನ್ನವ, ಅಪ್ಪಾ," ಎಂದಳು ರೇವಮ್ಮ. "ಏಳು, ದವಾಖಾನಿಗಿ ಹೋಗೂನು. ನಾನೂ ಬರ್ತೀನಿ."

ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರನ್ನು ಹಿಂದಿಟ್ಟುಕೊಂಡು ಆಕೆ ನಡೆದೇ ದೊಡ್ಡ ದವಾಖಾನೆಗೆ ಹೋದಳು. ಹಲ್ಲಿನ ಡಾಕ್ಟರು ಜಾಹೇದಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಚಂದ್ರಶಾನ ಬಾವು ಕೊಯ್ದು ಕೀವು ತೆಗೆದಳು. ಇನ್ನೆರಡು ದಿನ ಬಿಟ್ಟಿದ್ದರೆ ಅದು ಕುತ್ತಿಗೆಗೆ ಇಳಿಯುತ್ತಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದಳು. ಚಂದ್ರಶಾ ಹತ್ತಿ ಕಚ್ಚಿಕೊಂಡು ರೇವಮ್ಮನತ್ತ ನೋಡಿದ. ರೇವಮ್ಮನೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೇಳುತ್ತಾ ಕೇಳುತ್ತಾ ಬೈಯುವುದನ್ನು ನಿಲ್ಲಿಸಿದಳಂತೆ. ಇದನ್ನು ನನಗೆ ಆಮೇಲೆ ಚಂದ್ರಶಾನೇ ಹೇಳಿದ್ದು.

ಇನ್ನು ಕಮಲಾಪುರ ಉಳಿದಿತ್ತು. ರೇವಮ್ಮನಿಗೆ ಆ ಮನೆ ಬಿಟ್ಟರೆ ಬೇರೆ ಬಳಗವಿರಲಿಲ್ಲ. ತವರಿನವರು ಯಾವಾಗಲೋ ಚದುರಿ ಹೋಗಿದ್ದರು. ಹಬ್ಬಕ್ಕೆ ಕರೆಯುವವಳು, ಅಮೋಘಪ್ಪ ಸತ್ತಾಗ ಹದಿಮೂರು ದಿನ ಬಂದು ಕೂತವಳು ಮಲ್ಕಮ್ಮ ಒಬ್ಬಳೇ. ಆಕೆಯ ಮಾನವೆಲ್ಲ ಆ ಮದ್ದಿನ ಮೇಲೆ ನಿಂತಿತ್ತು. ಹೇಳಿದರೆ ಮಲ್ಕಮ್ಮ ಕೈತಪ್ಪಿ ಹೋಗುತ್ತಾಳೆ, ಹೇಳದಿದ್ದರೆ ಅಲ್ಲಿ ಇನ್ನೊಬ್ಬ ಚಂದ್ರಶಾ ಬಂದು ಕೂರುತ್ತಾನೆ. ಹದಿನೈದು ದಿನ ಆಕೆ ಇದನ್ನೇ ತಿರುವಿ ಹಾಕಿದಳು. ಒಂದು ಮುಂಜಾನೆ ಬುಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು, ಜೊತೆಗೆ ಬರುತ್ತೀಯಾ ತಂಗಿ ಎಂದು ಕೇಳಿದಳು.

ಬಾಳೆ ತೋಟದ ಪಕ್ಕದ ಮನೆ. ಮಲ್ಕಮ್ಮ ಎತ್ತರದ ಹೆಂಗಸು, ಒಳ್ಳೆಯ ಮಾತುಗಾರ್ತಿ. ನಮ್ಮನ್ನು ಕಂಡು ಹಿಗ್ಗಿದಳು, ಊಟಕ್ಕೆ ಹಾಕಿದಳು. ತಮ್ಮನ ಹೆಂಡತಿಗೆ ಓದು ಬಂದಿದೆ ಎಂದು ಕೇಳಿ, ಓದಿ ತೋರಿಸು ನೋಡೋಣ ಎಂದು ತಾನೇ ಹೇಳಿದಳು. ರೇವಮ್ಮ ಬುಕ್ಕು ತೆಗೆದು ಆ ಪುಟವನ್ನೇ ಓದಿದಳು. ಬೆರಳಿಟ್ಟು, ತಡೆತಡೆದು, ಮೋಸಗಾರರು ಎಂಬ ಸಾಲನ್ನೂ ಬಿಡದೆ ಓದಿದಳು. ಆ ಸಾಲನ್ನಾದರೂ ಬಿಡಬಹುದಿತ್ತು ಎಂದು ನಾನು ಅಂದುಕೊಂಡೆ.

ಮಲ್ಕಮ್ಮ ಎದ್ದು ನಿಂತಳು. "ನಾಕ ಅಕ್ಷರ ಕಲ್ತು ನಮ್ಮವ್ವಗ ಕಳ್ಳಿ ಅನ್ನಾಕ ಬಂದೇನು ರೇವಿ? ಆಕಿ ಕೈಯಾಗ ಉಂಡಾಕಿ ನೀ."

"ಅತ್ತಿ ಕಳ್ಳಿ ಅಲ್ಲಕ್ಕ. ಅತ್ತಿಗಿ ಗೊತ್ತಿದ್ದಿಲ್ಲ. ನಂಗ ಗೊತ್ತಿದ್ದಿಲ್ಲ, ನಿಂಗ ಗೊತ್ತಿದ್ದಿಲ್ಲ. ಇವತ್ತಿನ ತನಾ ಗೊತ್ತಿದ್ದಿಲ್ಲ," ಎಂದಳು ರೇವಮ್ಮ. "ನಾಳಿಂದ ಗೊತ್ತದ."

ಹಿಟ್ಟಿನ ಉಂಡೆಯ ವಿಷಯ ಹೇಳಿ, ಒಬ್ಬಳೇ ಇದ್ದಾಗ ಮಾಡಿ ನೋಡು ಎಂದಳು. ಬುಕ್ಕನ್ನು ದುಂಡಮ್ಮನ ಫೋಟೋ ಇದ್ದ ಗೂಡಿನಲ್ಲಿ ಇಟ್ಟಳು. ಕಮಲಾಪುರಕ್ಕೆ ಹೋದವರು ಕೆಂಪು ಬಾಳೆಹಣ್ಣು ಇಲ್ಲದೆ ಮರಳುವುದಿಲ್ಲ. ಮಲ್ಕಮ್ಮನಂತೂ ಪ್ರತಿ ಸಲ ಚೀಲ ತುಂಬಿ ಕಳಿಸುತ್ತಿದ್ದಳು. ಅಂದು ಆಕೆ ಒಳಗಿನಿಂದ ಹೊರಗೆ ಬರಲಿಲ್ಲ. ಬಸ್ಸಿನಲ್ಲಿ ರೇವಮ್ಮ ಬರಿದಾದ ಚೀಲವನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಕಲಬುರಗಿ ಬರುವವರೆಗೆ ಅದೇ ಕೆಲಸ.

ಎರಡು ವರ್ಷ ಕಮಲಾಪುರದಿಂದ ಕರೆ ಬರಲಿಲ್ಲ. ಪಂಚಮಿಗೆ ಇಲ್ಲ, ದೀಪಾವಳಿಗೆ ಇಲ್ಲ. ಮಲ್ಕಮ್ಮ ಮದ್ದು ಬಿಟ್ಟಳೋ ನಡೆಸಿದಳೋ ಅದೂ ತಿಳಿಯಲಿಲ್ಲ. ಓಣಿಯವರು ಬುಕ್ಕನ್ನು ಕೇಳಲಿಲ್ಲ. ಹೋದ ಮನೆಯಲ್ಲಿ ಓದುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದರು. ಹಬ್ಬದ ದಿನ ನಮ್ಮ ಮನೆಯಲ್ಲೇ ಊಟ ಮಾಡು ಎಂದರೆ ರೇವಮ್ಮ ಬರುತ್ತಿದ್ದಳು, ಹೋಳಿಗೆ ಚೆನ್ನಾಗಿದೆ ಎನ್ನುತ್ತಿದ್ದಳು, ಅರ್ಧ ಬಿಡುತ್ತಿದ್ದಳು. ಅಮಾವಾಸ್ಯೆ ಬಂದರೆ ಮಾತ್ರ ಆಕೆಗೆ ಬಿಡುವಿಲ್ಲ. ಸುದ್ದಿ ಮುಟ್ಟದ ಹಳ್ಳಿಗಳಿಂದ ಮೂವರೋ ನಾಲ್ವರೋ ಇನ್ನೂ ಬರುತ್ತಿದ್ದರು. ತಾಟು, ಹಿಟ್ಟಿನ ಉಂಡೆ, ಆಮೇಲೆ ದವಾಖಾನೆ. ಹೆದರಿದವರ ಕೈ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದಳು. ಚೀಟಿ ಬರೆಸುವ ಕಿಟಕಿ ಯಾವುದು ಎಂದು ಬೋರ್ಡು ಓದಿ ಹೇಳುತ್ತಿದ್ದಳು.

ತೊಂಬತ್ತಾರರ ಒಂದು ಅಮಾವಾಸ್ಯೆಯ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗದ್ದಕ್ಕೆ ಬಟ್ಟೆ ಕಟ್ಟಿಕೊಂಡ ಎತ್ತರದ ಹೆಂಗಸೊಬ್ಬಳು ರೇವಮ್ಮನ ಕಿಟಕಿಯ ಹತ್ತಿರ ನಿಂತಿದ್ದಳು. ಸರಳಿನಲ್ಲಿದ್ದ ಬೇವಿನ ಕಡ್ಡಿ ಎಳೆದಳು, ಬಾಯಿಗೆ ಇಟ್ಟಳು, ಕಚ್ಚಲಾಗದೆ ಮತ್ತೆ ಅಲ್ಲೇ ಸಿಕ್ಕಿಸಿದಳು. ಮಲ್ಕಮ್ಮ ಎಂದು ಆಗ ಗುರುತು ಸಿಕ್ಕಿತು. ಕಂಕುಳಲ್ಲಿ ಚೀಲವಿತ್ತು, ಚೀಲದ ಬಾಯಿಂದ ಕೆಂಪು ಬಾಳೆಯ ಚಿಪ್ಪು ಕಾಣುತ್ತಿತ್ತು.

ರೇವಮ್ಮ ಬಾಗಿಲು ತೆಗೆದಳು.

"ಬುಕ್ಕು ಕೊಡಾಕ ಬಂದೀನಿ," ಎಂದಳು ಮಲ್ಕಮ್ಮ, ಗದ್ದ ಹಿಡಿದುಕೊಂಡೇ. "ಬ್ಯಾರೇ ಏನೂ ಇಲ್ಲ."

"ಬಾರಕ್ಕ," ಎಂದಳು ರೇವಮ್ಮ.

ಇಬ್ಬರೂ ಒಳಗೆ ಹೋದರು. ಬುಕ್ಕು ನನ್ನ ಕೈಗೆ ಬಂತು. ಬರಿದಾಗಿದ್ದ ಆ ಪುಟ ತಾನಾಗಿಯೇ ತೆರೆದುಕೊಂಡಿತು, ಅದರೊಳಗೆ ಪಪ್ಪಾಯಿಯ ಒಣ ದಂಟೊಂದು ಚಪ್ಪಟೆಯಾಗಿ ಕೂತಿತ್ತು. ತುದಿಯಲ್ಲಿ ಹಿಟ್ಟು ಒಣಗಿ ಅಂಟಿಕೊಂಡಿತ್ತು. ತಾನು ಮದ್ದು ಬಿಟ್ಟು ಒಂದೂವರೆ ವರ್ಷವಾಯಿತು, ಹೇಳಿ ಕಳಿಸಲು ಬಾಯಿ ಬರಲಿಲ್ಲ ಎಂದು ಮಲ್ಕಮ್ಮ ಆಮೇಲೆ ನನಗೆ ಹೇಳಿದಳು. ಹಲ್ಲುನೋವು ಬಾರದಿದ್ದರೆ ಇನ್ನೂ ಎರಡು ವರ್ಷ ಬರುತ್ತಿರಲಿಲ್ಲವೇನೋ.

ಅಂದು ದವಾಖಾನೆಗೆ ನಾನೂ ಹೋಗಿದ್ದೆ. ಬೆಂಚಿನ ಮೇಲೆ ಮಲ್ಕಮ್ಮ ರೇವಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಊರಿನ ಎಷ್ಟೋ ಬಾಯಿ ತೆರೆಸಿದವಳು ತನ್ನ ಬಾಯಿ ತೆರೆಯಲು ನಡುಗುತ್ತಿದ್ದಳು. ನಮ್ಮ ಸರದಿ ಬಂದಾಗ ಡಾಕ್ಟರ್ ಜಾಹೇದಾ ರೇವಮ್ಮನನ್ನು ನೋಡಿ ನಕ್ಕಳು.

"ರೇವಮ್ಮಾ, ಎರಡು ವರ್ಷದಾಗ ಎಷ್ಟು ಮಂದೀನ ಕರ್ಕೊಂಡು ಬಂದಿ, ನಿನ್ನ ಬಾಯಾಗ ಮಾತ್ರ ಆರೇ ಹಲ್ಲು ಉಳಿದಾವ. ನಾ ಒಂದು ಹಲ್ಲಿನ ಕಟ್ಟು ಮಾಡಿ ಕೊಡ್ತೀನಿ, ರೊಟ್ಟಿ ಕಡಿದು ತಿನ್ನು. ಏನೂ ಕೊಡಬ್ಯಾಡ ನೀನು."

ರೇವಮ್ಮ ಕೈಮುಗಿದಳು.

"ಬ್ಯಾಡ್ರಿ ಡಾಕ್ಟರ್ ಬಾಯಿ. ಸುಳ್ಳ ಮದ್ದಿಗೇ ಯಾರ ಬಲ್ಲಿನೂ ಏನೂ ತಗೊಂಡಾಕಿ ಅಲ್ಲ ನಾ. ಖರೇ ಮದ್ದಿಗಿ ತಗೊಳ್ಳೇನು?" ಎಂದಳು. ಆಮೇಲೆ ಮಲ್ಕಮ್ಮನ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು, ಆಕೆಯ ಹೆಗಲು ಹಿಡಿದು ಕುರ್ಚಿಯ ಹತ್ತಿರ ಒಯ್ದಳು. "ಈಕಿ ನಮ್ಮಕ್ಕ. ಮೊದ್ಲ ಈಕಿ ಬಾಯಿ ನೋಡ್ರಿ."